ಆರು ರೂಪಾಯಿಯ ಮೊಟ್ಟೆ, 120 ಮಿಲಿಗ್ರಾಂ ಕಾವಲು

ಮೊಟ್ಟೆಯ ಸಗಟು ದರ ನೂರರ ಲೆಕ್ಕದಲ್ಲಿ ಹೊರಡುತ್ತದೆ. ಅದನ್ನು ಹೊರಡಿಸುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ವ್ಯಾಪಾರಿಗಳ ಬಾಯಲ್ಲಿ ಎನ್‌ಇಸಿಸಿ, 1982ರಲ್ಲಿ ಹುಟ್ಟಿದ್ದು. ಅದರ ದಿನದ ಪಟ್ಟಿಯಲ್ಲಿ ನಾಮಕ್ಕಲ್, ಹೈದರಾಬಾದ್, ವಿಜಯವಾಡ, ಬರ್ವಾಲಾ ಇವುಗಳ ಸಾಲಿನಲ್ಲೇ ಹೊಸಪೇಟೆಯ ಹೆಸರೂ ಇದೆ. ಹೊರಗಿನವರಿಗೆ ಹೊಸಪೇಟೆ ಅಂದರೆ ಹಂಪಿ, ತುಂಗಭದ್ರಾ ಡ್ಯಾಂ, ಅದಿರು. ಮೊಟ್ಟೆ ವ್ಯಾಪಾರಿಗೆ ಅದೊಂದು ರೇಟು.

ಇಲ್ಲಿಂದ ಬಳ್ಳಾರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಗಾದಿಗನೂರು ಸಿಗುತ್ತದೆ. ಇಂಥ ಊರುಗಳ ಕಿರಾಣಿ ಅಂಗಡಿಯಲ್ಲಿ 30 ಮೊಟ್ಟೆಯ ಟ್ರೇಗಳು ಒಂದರ ಮೇಲೊಂದು ಕೂತಿರುತ್ತವೆ. ಫ್ರಿಜ್ಜಿನ ಮಾತಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಎದುರಿಗೆ ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು. ಹಾಲಾಗಿದ್ದರೆ ಸಂಜೆಯೊಳಗೆ ಒಡೆಯುತ್ತಿತ್ತು, ಮಾಂಸವಾಗಿದ್ದರೆ ನಾರುತ್ತಿತ್ತು. ಮೊಟ್ಟೆಗೆ ಮಾತ್ರ ದಿನಗಟ್ಟಲೆ ಏನೂ ಆಗುವುದಿಲ್ಲ. ಚಿಪ್ಪು ಗಟ್ಟಿಯಾಗಿದೆ, ಅದಕ್ಕೇ ಅನ್ನಬೇಡಿ. ಒಂದು ಚಿಪ್ಪಿನಲ್ಲಿ 7,000ದಿಂದ 17,000 ಸಣ್ಣ ತೂತುಗಳಿವೆ, ಮರಿ ಉಸಿರಾಡಬೇಕಲ್ಲ. ಬ್ಯಾಕ್ಟೀರಿಯಾ ಒಳಗೆ ಬರುತ್ತದೆ. ಬಂದದ್ದು ಬದುಕುವುದು ಕಷ್ಟ.

ಮೊಟ್ಟೆಯೊಂದನ್ನು ಒಡೆದು ತಟ್ಟೆಗೆ ಸುರಿದು ನೋಡಿ. ಬಿಳಿಭಾಗ ಅಂಚಿನಲ್ಲಿ ನೀರಾಗಿ ಹರಡುತ್ತದೆ, ಹಳದಿಯ ಸುತ್ತ ದಪ್ಪ ಲೋಳೆಯಾಗಿ ನಿಲ್ಲುತ್ತದೆ, ಹಳದಿಯ ಎರಡು ತುದಿಯಲ್ಲಿ ಹುರಿಹುರಿಯಾದ ಬಿಳಿ ದಾರ. 55 ಗ್ರಾಂ ಮೊಟ್ಟೆಯಲ್ಲಿ ಈ ಬಿಳಿಭಾಗ ಸುಮಾರು 33 ಗ್ರಾಂ. ಅದರಲ್ಲಿ ಪ್ರೋಟೀನ್ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು, 3.5 ಗ್ರಾಂ ಅನ್ನಿ. ಆ ಪ್ರೋಟೀನಿನಲ್ಲಿ ಶೇ. 3.5ರಷ್ಟು ಲೈಸೋಜೈಮ್. ಗುಣಿಸಿದರೆ ಮೊಟ್ಟೆಯೊಂದಕ್ಕೆ ಸುಮಾರು 0.12 ಗ್ರಾಂ, ಅಂದರೆ 120 ಮಿಲಿಗ್ರಾಂ. ಇದು ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸುವ ಪ್ರೋಟೀನ್. ಇನ್ನು ಶೇ. 12ರಷ್ಟು, 420 ಮಿಲಿಗ್ರಾಂ, ಓವೋಟ್ರಾನ್ಸ್‌ಫೆರಿನ್. ಅದು ಸುತ್ತಲಿನ ಕಬ್ಬಿಣವನ್ನೆಲ್ಲ ಹಿಡಿದಿಟ್ಟು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡಹುತ್ತದೆ.

10,000 ಕೋಳಿಗಳ ಒಂದು ಶೆಡ್ ತೆಗೆದುಕೊಳ್ಳಿ. ಶೇ. 90ರ ಇಳುವರಿಯಲ್ಲಿ ದಿನಕ್ಕೆ 9,000 ಮೊಟ್ಟೆ, 300 ಟ್ರೇ. ಅದರೊಳಗೆ ಲೈಸೋಜೈಮ್ 1 ಕಿಲೋಗೂ ತುಸು ಜಾಸ್ತಿ, ಓವೋಟ್ರಾನ್ಸ್‌ಫೆರಿನ್ 3.8 ಕಿಲೋ. ಕೋಳಿ ಇದನ್ನು ಮೆಕ್ಕೆಜೋಳ, ಸೋಯಾ ಹಿಂಡಿ, ಅಕ್ಕಿ ತೌಡು ತಿಂದು ದಿನಾ ಹೊಸದಾಗಿ ತಯಾರಿಸುತ್ತದೆ. ಯಾರೂ ಇದಕ್ಕೆ ಬಿಲ್ ಬರೆಯುವುದಿಲ್ಲ.

ಶಾಲೆಗಳ ಲೆಕ್ಕಕ್ಕೆ ಬಂದರೆ ಸಂಖ್ಯೆ ಇನ್ನೂ ದೊಡ್ಡದು. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಸೇರಿದಂತೆ ನಮ್ಮ ಭಾಗದಲ್ಲೇ ಮೊದಲು ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. 2024ರ ಸೆಪ್ಟೆಂಬರ್‌ನಿಂದ ಅದು ವಾರಕ್ಕೆ ಆರು ದಿನ. ಹೆಚ್ಚುವರಿ ನಾಲ್ಕು ದಿನಗಳ ಖರ್ಚನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಹೊತ್ತಿದೆ: ಮೂರು ವರ್ಷಕ್ಕೆ ₹1,500 ಕೋಟಿ, ಸುಮಾರು 55 ಲಕ್ಷ ಮಕ್ಕಳು. ಮೊಟ್ಟೆಗೆ ₹6ರ ದರ ಹಿಡಿದರೆ ವಾರಕ್ಕೆ ನಾಲ್ಕು ಮೊಟ್ಟೆಗೆ ₹13.2 ಕೋಟಿ, ವರ್ಷದಲ್ಲಿ 38 ಶಾಲಾ ವಾರಗಳಿಗೆ ₹501 ಕೋಟಿ. ಮೂರು ವರ್ಷದ ₹1,500 ಕೋಟಿಗೆ ಲೆಕ್ಕ ತಾಳೆಯಾಗುತ್ತದೆ. ಎಲ್ಲ ಮಕ್ಕಳೂ ಬಾಳೆಹಣ್ಣು, ಚಿಕ್ಕಿ ಬಿಟ್ಟು ಮೊಟ್ಟೆಯನ್ನೇ ತಿಂದರೆ ವಾರಕ್ಕೆ 3.3 ಕೋಟಿ ಮೊಟ್ಟೆ, ಅದರಲ್ಲಿ ಲೈಸೋಜೈಮ್ ಹತ್ತಿರ ಹತ್ತಿರ 4 ಟನ್. ಬೇಯಿಸಿದ ಮೇಲೆ ಅದರ ಕಾವಲು ಕೆಲಸ ಬಹುಪಾಲು ಮುಗಿಯುತ್ತದೆ, ಮಗುವಿಗೆ ಸಿಗುವುದು ಪ್ರೋಟೀನ್ ಮಾತ್ರ. ಆದರೆ ಮಗು ಅದೇ ಪ್ರೋಟೀನಿನಿಂದ ತನ್ನದೇ ಲೈಸೋಜೈಮ್ ಕಟ್ಟಿಕೊಳ್ಳುತ್ತದೆ. ಈ ಲೇಖನದ ವಿಷಯ ಆ ಎರಡನೆಯ ಕಾವಲು, ನಮ್ಮ ಮೈಯೊಳಗಿನದು. ಅದನ್ನು ಬ್ಯಾಕ್ಟೀರಿಯಾಗಳು ಹೇಗೆ ದಾಟುತ್ತವೆ, ದಾಟುವುದನ್ನು ಅವಕ್ಕೆ ನಾವು ಎಷ್ಟು ಅಗ್ಗವಾಗಿ ಕಲಿಸಿಕೊಟ್ಟಿದ್ದೇವೆ ಎಂಬುದರ ಲೆಕ್ಕ.

ಲೈಸೋಜೈಮ್ ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್, ಪೆನಿಸಿಲಿನ್‌ಗಿಂತ ಆರೇಳು ವರ್ಷ ಮೊದಲು. ನೆಗಡಿಯಾಗಿದ್ದಾಗ ತಮ್ಮ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಹಾಕಿದರು. ಸುತ್ತಲಿನ ಬ್ಯಾಕ್ಟೀರಿಯಾ ಕರಗಿತು. 1922ರಲ್ಲಿ ಪ್ರಕಟಿಸಿದರು. ಆಮೇಲೆ ಕಣ್ಣೀರಿಗಾಗಿ ಲ್ಯಾಬಿನವರ ಕಣ್ಣಿಗೆ ನಿಂಬೆರಸ ಹಿಂಡಿದ್ದೂ ಉಂಟು. ಆದರೆ ಫ್ಲೆಮಿಂಗ್ ಬಹುಬೇಗ ನಿರಾಶರಾದರು. ಕರಗಿದ್ದು ನಿರುಪದ್ರವಿ ಬ್ಯಾಕ್ಟೀರಿಯಾಗಳು. ಕಾಯಿಲೆ ತರುವಂಥವು ಜಗ್ಗಲಿಲ್ಲ. ಈಗ ಯೋಚಿಸಿದರೆ ಅದು ಹಾಗೇ ಇರಬೇಕಾದದ್ದು. ಕಣ್ಣೀರು, ಜೊಲ್ಲು, ಸಿಂಬಳ ದಾಟಲಾರದ ಬ್ಯಾಕ್ಟೀರಿಯಾ ಕಾಯಿಲೆಯ ಪಟ್ಟಿಗೇ ಬರುವುದಿಲ್ಲ. ಪಟ್ಟಿಯಲ್ಲಿರುವುದೆಲ್ಲ ಒಂದಲ್ಲ ಒಂದು ಉಪಾಯ ಕಲಿತು ಬಂದದ್ದೇ.

ಕಣ್ಣೀರಿನ ಲೆಕ್ಕವೂ ಸಿಗುತ್ತದೆ. ಅಳದಿದ್ದಾಗಲೂ ಒಂದು ಕಣ್ಣು ನಿಮಿಷಕ್ಕೆ ಸುಮಾರು 1.2 ಮೈಕ್ರೋಲೀಟರ್ ನೀರು ಬಿಡುತ್ತದೆ, ದಿನಕ್ಕೆ 1.7 ಮಿಲಿಲೀಟರ್. ಮಿಲಿಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಲೈಸೋಜೈಮ್. ಅಂದರೆ ದಿನಕ್ಕೆ 3 ಮಿಲಿಗ್ರಾಂ ಮೇಲೆ. ಒಂದು ಮೊಟ್ಟೆಯಲ್ಲಿರುವಷ್ಟು ಲೈಸೋಜೈಮ್ ಒಂದು ಕಣ್ಣಿನ ಐದಾರು ವಾರದ ದುಡಿಮೆ. ಅದಿರು ಧೂಳಿನಲ್ಲಿ ಓಡಾಡುವವರ ಕಣ್ಣಿಗೆ ಕೆಲಸ ಇನ್ನೂ ಹೆಚ್ಚು.

ತಾಯಿಯ ಹಾಲಿನಲ್ಲಿ ಲೀಟರಿಗೆ ಸುಮಾರು 0.4 ಗ್ರಾಂ ಲೈಸೋಜೈಮ್. ಮಗು ದಿನಕ್ಕೆ 750 ಮಿಲಿಲೀಟರ್ ಕುಡಿದರೆ 300 ಮಿಲಿಗ್ರಾಂ, ಎರಡೂವರೆ ಮೊಟ್ಟೆಯಷ್ಟು, ಅದೂ ಬೇಯಿಸದೆ, ಜೀವಂತವಾಗಿ. ಹಸುವಿನ ಹಾಲಿನಲ್ಲಿ ಅಷ್ಟೇ ಪ್ರಮಾಣಕ್ಕೆ ಸಿಗುವುದು ಸುಮಾರು 0.1 ಮಿಲಿಗ್ರಾಂ. ಅಂತರ ಮೂರು ಸಾವಿರ ಪಟ್ಟು. ಎದೆಹಾಲಿನ ಪರವಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುವ ಮಾತುಗಳಲ್ಲಿ ಈ ಒಂದು ಅಂಕಿ ಸೇರಿದರೆ ಕೇಳುವ ಅತ್ತೆಯಂದಿರು ಇನ್ನೊಂದು ಸಲ ತಿರುಗಿ ನೋಡಿಯಾರು.

ಇಷ್ಟೆಲ್ಲ ಇದ್ದರೂ ಬ್ಯಾಕ್ಟೀರಿಯಾ ದಾಟುವುದು ಹೇಗೆ? ಲೈಸೋಜೈಮ್ ಕತ್ತರಿಸುವುದು ಗೋಡೆಯಲ್ಲಿ ಸರದಿಯಾಗಿ ಬರುವ ಎರಡು ಸಕ್ಕರೆಗಳ ನಡುವಿನ ಒಂದೇ ಒಂದು ಕೊಂಡಿಯನ್ನು. ಗಾಯಕ್ಕೆ ಕೀವು ತುಂಬಿಸುವ ಸ್ಟ್ಯಾಫಿಲೋಕಾಕಸ್ ಔರಿಯಸ್ ಆ ಸಕ್ಕರೆಗೆ ಒಂದು ಅಸಿಟೈಲ್ ತುಣುಕು ಅಂಟಿಸುತ್ತದೆ. ಅಲ್ಲಿಗೆ ಲೈಸೋಜೈಮ್‌ಗೆ ಕೂರಲು ಜಾಗವಿಲ್ಲ. ಈ ಕೆಲಸ ಮಾಡುವ ಒಂದು ಕಿಣ್ವವನ್ನು ಜರ್ಮನಿಯ ಸಂಶೋಧಕರು 2005ರಲ್ಲಿ ತೋರಿಸಿಕೊಟ್ಟರು. ನ್ಯುಮೋನಿಯಾದ ನ್ಯುಮೋಕಾಕಸ್ ಉಲ್ಟಾ ಮಾಡುತ್ತದೆ, ಸಕ್ಕರೆಯಿಂದ ಒಂದು ಅಸಿಟೈಲ್ ಕಿತ್ತುಹಾಕುತ್ತದೆ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯದು ಇನ್ನೊಂದು ದಾರಿ: ಲೈಸೋಜೈಮ್‌ನ ಕತ್ತರಿಯ ಬಾಯಿಗೇ ಹೋಗಿ ಸಿಕ್ಕಿಕೊಳ್ಳುವ ಪುಟ್ಟ ಪ್ರೋಟೀನನ್ನು ತಯಾರಿಸಿ ಬಿಡುತ್ತದೆ. ಮೂರರಲ್ಲೂ ಬ್ಯಾಕ್ಟೀರಿಯಾಕ್ಕೆ ಬೀಳುವ ಖರ್ಚು ಒಂದೆರಡು ಜೀನ್, ಅಷ್ಟೆ.

ಕಬ್ಬಿಣದ ವಿಷಯಕ್ಕೆ ಬಂದರೆ ಈ ಭಾಗದವರಿಗೆ ನಗು ಬರಬಹುದು. ಸಂಡೂರಿನ ಒಳ್ಳೆಯ ಅದಿರಿನಲ್ಲಿ ಕಬ್ಬಿಣ ಶೇ. 60ಕ್ಕೂ ಮೇಲೆ, ದೋಣಿಮಲೈ ಗಣಿ 1977ರಿಂದ ಅದನ್ನೇ ಅಗೆಯುತ್ತಿದೆ. ವಯಸ್ಕರೊಬ್ಬರ ಮೈಯಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ಒಂದು ಕಿಲೋ ಅದಿರಿನಲ್ಲಿ 150 ಜನರ ಮೈಗಾಗುವಷ್ಟಿದೆ. ಆ 4 ಗ್ರಾಂ ಕೂಡ ದೇಹ ಬಿಡಿಯಾಗಿ ಬಿಟ್ಟಿಲ್ಲ. ರಕ್ತದಲ್ಲಿ ಟ್ರಾನ್ಸ್‌ಫೆರಿನ್, ಎದೆಹಾಲಿನಲ್ಲಿ ಲ್ಯಾಕ್ಟೋಫೆರಿನ್, ಮೊಟ್ಟೆಯಲ್ಲಿ ಓವೋಟ್ರಾನ್ಸ್‌ಫೆರಿನ್ ಅದನ್ನು ಬಿಗಿಹಿಡಿದಿರುತ್ತವೆ. ಇ. ಕೋಲಿ, ಸಾಲ್ಮೊನೆಲ್ಲಾ ಇದಕ್ಕೆ ಎಂಟರೊಬ್ಯಾಕ್ಟಿನ್ ಎಂಬ ಅಣುವನ್ನು ಹೊರಬಿಡುತ್ತವೆ. ಕಬ್ಬಿಣದ ಮೇಲೆ ಅದರ ಹಿಡಿತ ಎಷ್ಟೆಂದರೆ, ಅಳೆಯುವ ಸಂಖ್ಯೆಯಲ್ಲಿ 1ರ ಮುಂದೆ 49 ಸೊನ್ನೆ ಬರೆಯಬೇಕು. ಟ್ರಾನ್ಸ್‌ಫೆರಿನ್‌ನ ಹಿಡಿತದಿಂದ ಕಬ್ಬಿಣವನ್ನು ಎಳೆದುಕೊಂಡು ಬರುತ್ತದೆ. ದೇಹ ಸುಮ್ಮನಿರುವುದಿಲ್ಲ, ಎಂಟರೊಬ್ಯಾಕ್ಟಿನ್ನನ್ನೇ ಹಿಡಿಯುವ ಲಿಪೋಕ್ಯಾಲಿನ್-2 ಬಿಡುತ್ತದೆ. ಸಾಲ್ಮೊನೆಲ್ಲಾ ತನ್ನ ಎಂಟರೊಬ್ಯಾಕ್ಟಿನ್‌ಗೆ ಸಕ್ಕರೆ ಅಂಟಿಸಿ ಲಿಪೋಕ್ಯಾಲಿನ್‌ಗೆ ಸಿಗದ ಹಾಗೆ ಮಾಡಿಕೊಳ್ಳುತ್ತದೆ. ಸದ್ಯಕ್ಕೆ ಲೆಕ್ಕ ಅಲ್ಲಿಗೆ ನಿಂತಿದೆ.

ಇವೆಲ್ಲ ಲಕ್ಷಾಂತರ ವರ್ಷಗಳ ಜಗಳ. ನಮ್ಮ ಕೈವಾಡ ಇದರಲ್ಲಿಲ್ಲ. ಮೂರನೆಯ ಬಗೆಯ ಕಾವಲಿನಲ್ಲಿ ಮಾತ್ರ ನಾವು ಕೈ ಹಾಕಿದ್ದೇವೆ.

ಅದು ಚಿಕ್ಕ ಚಿಕ್ಕ ಪೆಪ್ಟೈಡ್‌ಗಳ ಪಡೆ. ಬಿಳಿ ರಕ್ತಕಣಗಳಲ್ಲಿ ಡಿಫೆನ್ಸಿನ್‌ಗಳು, 30ರ ಆಸುಪಾಸು ಅಮೈನೋ ಆಮ್ಲಗಳ ಸರ. ಚರ್ಮ, ಶ್ವಾಸಕೋಶ, ರಕ್ತಕಣಗಳಲ್ಲಿ ಎಲ್‌ಎಲ್-37, ಹೆಸರೇ ಹೇಳುವಂತೆ 37 ಅಮೈನೋ ಆಮ್ಲ. ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೊಫಿಲ್ ಕಣಗಳನ್ನು ತಯಾರಿಸುತ್ತದೆ. ಅವುಗಳ ಪ್ರೋಟೀನಿನಲ್ಲಿ ಶೇ. 5ರಷ್ಟು ಡಿಫೆನ್ಸಿನ್ನೇ. ರಕ್ತರಸದಲ್ಲಿ ಎಲ್‌ಎಲ್-37ರ ಮೂಲರೂಪ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಆಸುಪಾಸು, ಮೈಯಲ್ಲಿರುವ ಎರಡೂಮುಕ್ಕಾಲು ಲೀಟರ್ ರಕ್ತರಸಕ್ಕೆಲ್ಲ ಸೇರಿ 3 ಮಿಲಿಗ್ರಾಂ. ಇಷ್ಟು ಕಡಿಮೆ ಸಾಕೇ ಎಂದರೆ, ಗಾಯವಾದ ಜಾಗಕ್ಕೆ ಒಮ್ಮೆಲೇ ಸುರಿದಾಗ ಸಾಕು. ಇದನ್ನು ತಯಾರಿಸಲು ಡಿ ವಿಟಮಿನ್ ಬೇಕೆಂದು 2006ರಲ್ಲಿ ತಿಳಿಯಿತು. ಬಿಸಿಲಿಗೆ ಬರವಿಲ್ಲದ ನಮ್ಮ ಜಿಲ್ಲೆಯಲ್ಲೂ ದಿನವಿಡೀ ಒಳಗೆ ಕೂತು ದುಡಿಯುವವರಿಗೆ ಅದರ ಕೊರತೆ ಬರುತ್ತದೆ, ಆ ಮಾತು ಬೇರೆ. ಇದೇ ಪೆಪ್ಟೈಡ್‌ಗಳನ್ನು ಕಾರ್ಖಾನೆಯಲ್ಲಿ ಕಟ್ಟಬೇಕೆಂದರೆ ಗ್ರಾಂಗೆ ನೂರು ಡಾಲರ್ ಆಸುಪಾಸು, ಕೆಲವಕ್ಕೆ ನೂರಾರು ಡಾಲರ್. ಔಷಧವಾಗಿ ಮಾರುಕಟ್ಟೆಗೆ ಹೆಚ್ಚಾಗಿ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಇವು ಕೆಲಸ ಮಾಡುವುದು ವಿದ್ಯುದಂಶದ ಮೇಲೆ. ಪೆಪ್ಟೈಡ್‌ಗೆ ಧನ ಆವೇಶ, ಎಲ್‌ಎಲ್-37ಕ್ಕೆ ಆರು. ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ ಆವೇಶ. ನಮ್ಮ ಜೀವಕೋಶದ ಹೊರಮೈಗೆ ಹೆಚ್ಚುಕಡಿಮೆ ಯಾವುದೂ ಇಲ್ಲ. ಹಾಗಾಗಿ ಪೆಪ್ಟೈಡ್ ನಮ್ಮ ಕೋಶವನ್ನು ಬಿಟ್ಟು ಬ್ಯಾಕ್ಟೀರಿಯಾವನ್ನೇ ಹುಡುಕಿ ಅಂಟಿಕೊಂಡು ಪೊರೆಯನ್ನು ಹರಿಯುತ್ತದೆ. ಒಂದು ಇ. ಕೋಲಿಯ ಹೊರಮೈಯನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಸುಮಾರು 10 ಲಕ್ಷ ಲಿಪೊಪಾಲಿಸ್ಯಾಕರೈಡ್ ಅಣುಗಳು ಒತ್ತಾಗಿ ನಿಂತಿವೆ. ಪ್ರತಿಯೊಂದರ ಬುಡದಲ್ಲೂ ಸಾಮಾನ್ಯವಾಗಿ ಎರಡು ಫಾಸ್ಫೇಟ್. ಋಣ ಆವೇಶ ಇರುವುದು ಅಲ್ಲಿ. ಆ ಫಾಸ್ಫೇಟಿಗೆ ಫಾಸ್ಫೊಎಥನಾಲಮಿನ್ ಎಂಬ ಧನ ಆವೇಶದ ತುಣುಕನ್ನು ಹೊಲಿದುಬಿಟ್ಟರೆ ಪೆಪ್ಟೈಡ್‌ಗೆ ಸೆಳೆತ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾ ಸಾಯಬೇಕಿಲ್ಲ, ಬೇಲಿ ಹಾಕಬೇಕಿಲ್ಲ, ಬರೀ ಆವೇಶ ಕಡಿಮೆ ಮಾಡಿಕೊಂಡರೆ ಆಯಿತು.

ಈ ಹೊಲಿಗೆ ಮಾಡುವ ಜೀನ್‌ಗಳಲ್ಲಿ ಒಂದರ ಹೆಸರು ಎಂಸಿಆರ್-1. ಅದರ ಉದ್ದ 1,626 ಅಕ್ಷರ, ಅದರಿಂದ ಹುಟ್ಟುವ ಕಿಣ್ವ 541 ಅಮೈನೋ ಆಮ್ಲ. ಇ. ಕೋಲಿಯ ಪೂರ್ತಿ ಜೀನೋಮು 46 ಲಕ್ಷ ಅಕ್ಷರದ್ದು. ಅದಕ್ಕೆ ಹೋಲಿಸಿದರೆ ಈ ಜೀನು ಸುಮಾರು 2,800ರಲ್ಲಿ ಒಂದು ಪಾಲು, ಅಷ್ಟು ಚಿಕ್ಕದು. ಜೊತೆಗೆ ಅದು ಕೂತಿರುವುದು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದ ಮೇಲೆ. ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು, ಮರಿಗಳಿಗೆ ಕಾಯಬೇಕಿಲ್ಲ.

2013ರಲ್ಲಿ ಶಾಂಘೈನ ಹಂದಿಯೊಂದರ ಇ. ಕೋಲಿಯಲ್ಲಿ ಸಿಕ್ಕ ಈ ಜೀನನ್ನು ಚೀನಾದ ಸಂಶೋಧಕರು 2015ರ ನವೆಂಬರ್‌ನಲ್ಲಿ ಪ್ರಕಟಿಸಿದರು. 2011ರಿಂದ 14ರವರೆಗಿನ ಮಾದರಿಗಳಲ್ಲಿ ಅದು ಸಿಕ್ಕ ಲೆಕ್ಕ: ಹಸಿ ಮಾಂಸ 523ರಲ್ಲಿ 78, ಪ್ರಾಣಿಗಳು 804ರಲ್ಲಿ 166, ಆಸ್ಪತ್ರೆಯ ರೋಗಿಗಳು 1,322ರಲ್ಲಿ 16. ಶೇ. 15, 21, 1. ಬಾಣ ಯಾವ ಕಡೆಯಿಂದ ಯಾವ ಕಡೆಗೆ ಎಂದು ಹೇಳಲು ಸಂಖ್ಯಾಶಾಸ್ತ್ರಜ್ಞ ಬೇಕಿಲ್ಲ. ಕಾರಣ ಕಾಲಿಸ್ಟಿನ್.

ಕಾಲಿಸ್ಟಿನ್ ಹಳೆಯ ಆ್ಯಂಟಿಬಯೋಟಿಕ್, 1940ರ ದಶಕದ ಕೊನೆಗೆ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. 10 ಅಮೈನೋ ಆಮ್ಲ, ಧನ ಆವೇಶ ಐದು. ಅಂದರೆ ನಮ್ಮ ಮೈಯ ಪೆಪ್ಟೈಡ್‌ಗಳ ದಾಯಾದಿಯೇ. ಅದೂ ಆವೇಶ ನೋಡಿ ಅಂಟಿಕೊಂಡು ಪೊರೆ ಹರಿಯುತ್ತದೆ. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು 1970ರ ದಶಕದಲ್ಲಿ ವೈದ್ಯರು ಅದನ್ನು ಮೂಲೆಗೆ ಸರಿಸಿದರು. ಉಳಿದ ಔಷಧಗಳು ನಾಟದಂತಾದಾಗ 2000ದ ನಂತರ ಐಸಿಯುಗಳಿಗೆ ಮರಳಿ ತಂದರು. ಮಧ್ಯದ ಮೂವತ್ತು ವರ್ಷ ಅದು ಕೋಳಿ, ಹಂದಿಗಳ ಆಹಾರದಲ್ಲಿತ್ತು.

ಆಹಾರದಲ್ಲಿ ಹಾಕುವ ಪ್ರಮಾಣ ನೋಡಿ. ಟನ್ನಿಗೆ 10 ಗ್ರಾಂ ಎಂದು ಇಟ್ಟುಕೊಳ್ಳೋಣ. ಮೊಟ್ಟೆ ಕೋಳಿ ದಿನಕ್ಕೆ 110 ಗ್ರಾಂ ತಿನ್ನುತ್ತದೆ, ಅದರ ಪಾಲಿಗೆ 1.1 ಮಿಲಿಗ್ರಾಂ. ಐಸಿಯುವಿನ ರೋಗಿಗೆ ದಿನಕ್ಕೆ 90 ಲಕ್ಷ ಯೂನಿಟ್, ಕಾಲಿಸ್ಟಿನ್ ಲೆಕ್ಕದಲ್ಲಿ ಸುಮಾರು 300 ಮಿಲಿಗ್ರಾಂ. 10,000 ಕೋಳಿಗಳ ಒಂದು ದಿನದ ಆಹಾರದಲ್ಲಿ 11 ಗ್ರಾಂ, ಅಂದರೆ ಒಬ್ಬ ರೋಗಿಯ 36 ದಿನದ ಔಷಧ. ಕೋಳಿಯ ಕರುಳು ಕಾಲಿಸ್ಟಿನ್ನನ್ನು ಹೀರಿಕೊಳ್ಳುವುದಿಲ್ಲ. ಅದಕ್ಕೇ ಮೊಟ್ಟೆಯಲ್ಲಿ ಅದರ ಉಳಿಕೆ ಹುಡುಕಿದರೆ ಸಿಗುವುದು ಕಷ್ಟ, "ಮೊಟ್ಟೆಯಲ್ಲಿ ಏನಿಲ್ಲ" ಎನ್ನುವ ಮಾತು ಸುಳ್ಳೂ ಅಲ್ಲ. ಔಷಧ ಉಳಿಯುವುದು ಕರುಳಿನಲ್ಲಿ, ಅಲ್ಲಿನ ಕೋಟ್ಯಂತರ ಬ್ಯಾಕ್ಟೀರಿಯಾಗಳ ಮಧ್ಯೆ, ಕೊಲ್ಲಲು ಸಾಲದಷ್ಟು, ಕಲಿಸಲು ಸಾಕಾಗುವಷ್ಟು. ಆಮೇಲೆ ಹಿಕ್ಕೆಯಾಗಿ ಹೊರಬೀಳುತ್ತದೆ. 10,000 ಕೋಳಿಗೆ ದಿನಕ್ಕೆ ಸುಮಾರು ಒಂದು ಟನ್ ಹಸಿ ಹಿಕ್ಕೆ. ಕೋಳಿ ಗೊಬ್ಬರಕ್ಕೆ ಬೇಡಿಕೆ ಇಲ್ಲದ ಊರಿಲ್ಲ. ಗದ್ದೆ, ಬಾಳೆ ತೋಟ, ಕಬ್ಬಿಗೆ ಲಾರಿಯಲ್ಲೇ ಹೋಗುತ್ತದೆ.

ಈಗ ಮುಖ್ಯ ಅಂಕಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಮೋದ್ ಜಾಂಗೀರ್, ಕ್ರೇಗ್ ಮೆಕ್ಲೀನ್ ಮತ್ತು ಸಂಗಡಿಗರು 2023ರಲ್ಲಿ ಇಲೈಫ್ ಪತ್ರಿಕೆಯಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಎಂಸಿಆರ್-1 ಇರುವ ಇ. ಕೋಲಿ ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಎರಡರ ಮೇಲೂ ಕಾಲಿಸ್ಟಿನ್ ಅಲ್ಲ, ಕೋಳಿ, ಹಂದಿ, ಮನುಷ್ಯರ ಸ್ವಂತ ಪೆಪ್ಟೈಡ್‌ಗಳನ್ನು ಬಿಟ್ಟರು. ಜೀನ್ ಇದ್ದದ್ದರ ನಿರೋಧ ಸರಾಸರಿ ಶೇ. 62ರಷ್ಟು ಹೆಚ್ಚು. ಮನುಷ್ಯರ ರಕ್ತದ ಸೀರಮ್‌ನಲ್ಲಿ ಅದು ಕನಿಷ್ಠ ಎರಡು ಪಟ್ಟು ತಾಳಿಕೊಂಡಿತು. ಜೇನುಗೂಡಿನ ಮೇಣ ತಿನ್ನುವ ಪತಂಗದ ಹುಳುಗಳಿಗೆ ಚುಚ್ಚಿದಾಗ ಸಾಯಿಸುವ ಸಾಧ್ಯತೆಯೂ ದುಪ್ಪಟ್ಟು. ಕೋಳಿಯ ಆಹಾರದಲ್ಲಿ ಕಲಿತ ಪಾಠ ಒಂದು ಔಷಧಕ್ಕೆ ಸೀಮಿತವಾಗಿರಲಿಲ್ಲ ಎಂದಾಯಿತು. ಇದಕ್ಕೂ ಮೊದಲು, 2013ರಲ್ಲಿ, ಕಾಲಿಸ್ಟಿನ್ ಚಿಕಿತ್ಸೆ ಪಡೆದ ರೋಗಿಗಳ ಅಸಿನೆಟೊಬ್ಯಾಕ್ಟರ್ ಎಂಬ ಆಸ್ಪತ್ರೆ ಬ್ಯಾಕ್ಟೀರಿಯಾದಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಕಂಡಿದ್ದರು: ಕಾಲಿಸ್ಟಿನ್‌ಗೆ ಜಗ್ಗದ ಬ್ಯಾಕ್ಟೀರಿಯಾ ಎಲ್‌ಎಲ್-37ಕ್ಕೂ, ಲೈಸೋಜೈಮ್‌ಗೂ ಜಗ್ಗಲಿಲ್ಲ.

ಉಳಿದ ಆ್ಯಂಟಿಬಯೋಟಿಕ್‌ಗಳ ನಿರೋಧ ಬೇರೆ ಮಾತು. ಅವುಗಳ ಬಳಕೆ ನಿಲ್ಲಿಸಿದರೆ ನಿರೋಧ ಹೊತ್ತ ಬ್ಯಾಕ್ಟೀರಿಯಾಕ್ಕೆ ಅದರಿಂದ ಲಾಭವಿಲ್ಲ, ನಿಧಾನವಾಗಿ ಹಿಂದೆ ಬೀಳುತ್ತದೆ ಎಂಬ ಭರವಸೆಯಾದರೂ ಇದೆ. ಇಲ್ಲಿ ಕಾಲಿಸ್ಟಿನ್ ನಿಲ್ಲಿಸಿದರೂ ಅದೇ ಜಾತಿಯ ಪೆಪ್ಟೈಡ್‌ಗಳನ್ನು ಕೋಳಿಯ ಕರುಳೂ ನಮ್ಮ ಕರುಳೂ ದಿನಾ ಸುರಿಸುತ್ತಲೇ ಇರುತ್ತವೆ, ಆ ಜೀನನ್ನು ಉಳಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ಒಂದು ನೆಪ ಉಳಿಯುತ್ತದೆ. ನನಗೆ ಇಡೀ ವಿಷಯದಲ್ಲಿ ಹೆದರಿಕೆ ಹುಟ್ಟಿಸಿದ್ದು ಇದೊಂದೇ.

ಚೀನಾದ ಅಂಕಿಗಳು ಅಷ್ಟು ಕತ್ತಲಾಗಿಲ್ಲ, ಅದನ್ನೂ ಹೇಳಬೇಕು. ಪ್ರಾಣಿಗಳ ಬೆಳವಣಿಗೆಗೆಂದು ಕಾಲಿಸ್ಟಿನ್ ಹಾಕುವುದನ್ನು ಅಲ್ಲಿ 2017ರಲ್ಲಿ ನಿಲ್ಲಿಸಿದರು. ಕಾಲಿಸ್ಟಿನ್ ಪ್ರಿಮಿಕ್ಸ್ (ಆಹಾರಕ್ಕೆ ಬೆರೆಸುವ ಮಿಶ್ರಣ) ತಯಾರಿಕೆ 2015ರ 27,170 ಟನ್‌ನಿಂದ 2018ಕ್ಕೆ 2,497 ಟನ್‌ಗೆ ಇಳಿಯಿತು, ಮಾರಾಟ 7.15 ಕೋಟಿ ಡಾಲರಿನಿಂದ 80 ಲಕ್ಷ ಡಾಲರಿಗೆ. ಹಂದಿಗಳ ಇ. ಕೋಲಿಯಲ್ಲಿ ಕಾಲಿಸ್ಟಿನ್ ನಿರೋಧ ಶೇ. 34ರಿಂದ 5.1ಕ್ಕೆ, ಕೋಳಿಗಳಲ್ಲಿ 18.1ರಿಂದ 5ಕ್ಕೆ ಬಂತು. ಕರುಳಿನಲ್ಲಿ ಎಂಸಿಆರ್-1 ಹೊತ್ತ ಜನ 2016ರಲ್ಲಿ ಶೇ. 14.3 ಇದ್ದವರು 2019ಕ್ಕೆ 6.3. ಈ ಜೀನು ಅತಿಯಾಗಿ ಕೆಲಸ ಮಾಡಿದರೆ ಬ್ಯಾಕ್ಟೀರಿಯಾದ ಪೊರೆಯೇ ಹದಗೆಡುತ್ತದೆ, ಹಾಗಾಗಿ ಅದನ್ನು ಹೊರುವುದು ಪುಕ್ಕಟೆಯಲ್ಲ. ನಿಷೇಧ ಫಲ ಕೊಟ್ಟಿದೆ. ಸೊನ್ನೆಗೆ ಮಾತ್ರ ಬಂದಿಲ್ಲ.

ಆ ಚೀನಾ ಅಂಕಿಯಿಂದಲೇ ಬೆಲೆಯೂ ತಿಳಿಯುತ್ತದೆ. 7.15 ಕೋಟಿ ಡಾಲರನ್ನು 27,170 ಟನ್‌ಗೆ ಭಾಗಿಸಿದರೆ ಕಿಲೋಗೆ 2.63 ಡಾಲರ್. 2015ರ ವಿನಿಮಯ ದರ ಸುಮಾರು ₹64, ಅಂದರೆ ಕಿಲೋ ಪ್ರಿಮಿಕ್ಸ್‌ಗೆ ₹170ರ ಒಳಗೆ. ಅದರಲ್ಲಿ ಹತ್ತನೇ ಒಂದು ಪಾಲು ಕಾಲಿಸ್ಟಿನ್ ಎಂದು ಹಿಡಿದರೆ, ಟನ್ ಆಹಾರಕ್ಕೆ 10 ಗ್ರಾಂ ಔಷಧ ಸೇರಿಸಲು 100 ಗ್ರಾಂ ಪ್ರಿಮಿಕ್ಸ್, ₹17. ಒಂದು ಟನ್ ಆಹಾರ 9,000 ಚಿಲ್ಲರೆ ಕೋಳಿಗಳಿಗೆ ಒಂದು ದಿನಕ್ಕೆ ಸಾಕು, 8,180 ಮೊಟ್ಟೆ. ಮೊಟ್ಟೆಯೊಂದರ ಪಾಲಿಗೆ 0.2 ಪೈಸೆ. ಒಂದು ಪೈಸೆಯಲ್ಲಿ ಐದನೇ ಒಂದು ಭಾಗ. ದೇಶದಲ್ಲಿ 2023-24ರಲ್ಲಿ ಉತ್ಪಾದನೆಯಾದ 14,277 ಕೋಟಿ ಮೊಟ್ಟೆಗಳಿಗೆಲ್ಲ ಈ ಔಷಧ ಹಾಕಿದರೂ ವರ್ಷದ ಖರ್ಚು ₹30 ಕೋಟಿ ದಾಟುವುದಿಲ್ಲ. ಶಾಲೆಯ ಆ ನಾಲ್ಕು ದಿನದ ಮೊಟ್ಟೆಗೆ ಪ್ರತಿಷ್ಠಾನ ವರ್ಷಕ್ಕೆ ಕೊಡುವುದು ₹500 ಕೋಟಿ ಎಂಬುದನ್ನು ಪಕ್ಕಕ್ಕಿಟ್ಟು ನೋಡಿ. ಇಷ್ಟು ಅಗ್ಗವಾದ್ದರಿಂದಲೇ ಯಾರಿಗೂ ಯೋಚಿಸುವ ಅಗತ್ಯ ಬೀಳಲಿಲ್ಲ.

ಹಾಕಿದ್ದರಿಂದ ಲಾಭವಾದರೂ ಇತ್ತೇ? ಕೋಳಿ ಬೇಗ ತೂಗುತ್ತದೆ, ಮೇವು ಉಳಿಯುತ್ತದೆ ಎಂಬುದು ಉದ್ಯಮದ ನಂಬಿಕೆ. ಅಮೆರಿಕದಲ್ಲಿ 70 ಲಕ್ಷ ಮಾಂಸದ ಕೋಳಿಗಳ ಲೆಕ್ಕ ಹಿಡಿದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಉತ್ತರ: ಬೆಳವಣಿಗೆಯ ಆ್ಯಂಟಿಬಯೋಟಿಕ್ ಹಾಕಿದ್ದರಿಂದ ಕೋಳಿಯೊಂದಕ್ಕೆ 0.0093 ಡಾಲರ್ ನಷ್ಟ. ಔಷಧದ ಖರ್ಚೇ ಉಳಿತಾಯವನ್ನು ಮೀರಿತ್ತು. ಆ ನಷ್ಟ ಆ ಕಾಲದ ರೂಪಾಯಿಯಲ್ಲಿ 40 ಪೈಸೆಯ ಒಳಗೆ. ನಮ್ಮ ಶೆಡ್‌ಗಳ ಬಿಸಿಲು, ನೀರು, ಕಿಕ್ಕಿರಿದ ಪಂಜರ ಬೇರೆಯೇ ಇರುವುದರಿಂದ ಅದೇ ಅಂಕಿಯನ್ನು ಇಲ್ಲಿಗೆ ಎತ್ತಿಡಲಾಗದು. ಆದರೂ ಚೊಕ್ಕ ನೀರು, ಲಸಿಕೆ, ಗಾಳಿಯಾಡುವ ಶೆಡ್ ಇವುಗಳ ಬದಲಿಗೆ ಔಷಧ ಎಂಬ ಲೆಕ್ಕ ಎಲ್ಲಿಯೂ ಗಟ್ಟಿಯಾಗಿ ನಿಂತಿಲ್ಲ.

ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನು, ಪಶು ಆಹಾರಗಳಿಗೆ ಕಾಲಿಸ್ಟಿನ್ ತಯಾರಿಕೆ, ಮಾರಾಟ, ವಿತರಣೆಯನ್ನು ನಿಷೇಧಿಸಿತು. ಮನುಷ್ಯರ ಔಷಧದ ಪೊಟ್ಟಣದ ಮೇಲೂ ಪ್ರಾಣಿಗಳಿಗೆ ಬಳಸಬಾರದು ಎಂಬ ಸಾಲು ಕಡ್ಡಾಯ. ಅದೇ ವರ್ಷದ ಜಾನುವಾರು ಗಣತಿಯಲ್ಲಿ ದೇಶದ ಕೋಳಿಗಳು 85.18 ಕೋಟಿ, ಕರ್ನಾಟಕದಲ್ಲಿ ಸುಮಾರು 6 ಕೋಟಿ. ಅದೇ ವರ್ಷ ಔಷಧ ನಿರೋಧವೇ ನೇರ ಕಾರಣವಾಗಿ ಭಾರತದಲ್ಲಿ ಸತ್ತವರು ಅಂದಾಜು 2.97 ಲಕ್ಷ. ಈ ಸಾವುಗಳನ್ನೆಲ್ಲ ಕೋಳಿ ಫಾರಂ ಬಾಗಿಲಿಗೆ ಹಾಕುವುದು ಅನ್ಯಾಯ. ನಮ್ಮ ಆಸ್ಪತ್ರೆಗಳಲ್ಲಿ ಕಾಲಿಸ್ಟಿನ್‌ಗೆ ಜಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬಹುಪಾಲು ಎಂಸಿಆರ್ ಇಲ್ಲದೆ, ತನ್ನದೇ ಜೀನೊಂದು ಕೆಟ್ಟು ಆ ಗುಣ ಪಡೆದದ್ದು. ಅದು ಮಾಡುವುದು ಮಾತ್ರ ಅದೇ ಕೆಲಸ, ಫಾಸ್ಫೇಟಿನ ಮೇಲೆ ಧನ ಆವೇಶದ ಸಕ್ಕರೆ ಹೊದಿಸುವುದು.

ನಿಷೇಧ ಎಷ್ಟರಮಟ್ಟಿಗೆ ನೆಲಕ್ಕಿಳಿದಿದೆ ಎಂದು ತಿಳಿಯಲು ಮೊಟ್ಟೆ ಪರೀಕ್ಷಿಸಿ ಪ್ರಯೋಜನವಿಲ್ಲ, ಹಿಕ್ಕೆ ಪರೀಕ್ಷಿಸಬೇಕು. ಅಲ್ಲೊಂದು ತೊಡಕಿದೆ. ಸಾಮಾನ್ಯ ಲ್ಯಾಬುಗಳಲ್ಲಿ ಔಷಧ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ತಟ್ಟೆಯ ಮೇಲಿಟ್ಟು ಸುತ್ತ ಎಷ್ಟು ದೂರ ಸತ್ತಿದೆ ಎಂದು ಅಳೆಯುತ್ತಾರೆ. ಕಾಲಿಸ್ಟಿನ್ ಅಣು ದೊಡ್ಡದು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಬಿಲ್ಲೆ ಪರೀಕ್ಷೆ ನಂಬುವಂತಿಲ್ಲ. ಸಣ್ಣ ಗುಳಿಗಳ ತಟ್ಟೆಯಲ್ಲಿ ದ್ರಾವಣವನ್ನು ದುಪ್ಪಟ್ಟು ದುಪ್ಪಟ್ಟಾಗಿ ಏರಿಸುತ್ತ ನೋಡಬೇಕು: ಲೀಟರಿಗೆ 0.5, 1, 2, 4 ಮಿಲಿಗ್ರಾಂ. 2 ಮೀರಿದರೂ ಬೆಳೆದರೆ ಅದು ನಿರೋಧಿ. ತಾಲ್ಲೂಕು ಮಟ್ಟದಲ್ಲಿ ಇದನ್ನು ನಿರೀಕ್ಷಿಸುವಂತಿಲ್ಲ. ವೈದ್ಯಕೀಯ ಕಾಲೇಜು, ಪಶುವೈದ್ಯ ಕಾಲೇಜುಗಳ ಲ್ಯಾಬಿನಲ್ಲಿ ಆಗುವ ಕೆಲಸ. ಹೊಸಪೇಟೆ, ಕೊಪ್ಪಳ, ಬಳ್ಳಾರಿ ಸುತ್ತಿನ ಫಾರಂಗಳಿಂದ ಮೂರು ತಿಂಗಳಿಗೊಮ್ಮೆ ಒಂದಷ್ಟು ಹಿಕ್ಕೆಯ ಮಾದರಿ, ಗೊಬ್ಬರ ಬಿದ್ದ ಗದ್ದೆಯ ಕಾಲುವೆ ನೀರಿನ ಮಾದರಿ, ಫೀಡ್ ಮಿಲ್‌ನಲ್ಲಿ ಪ್ರಿಮಿಕ್ಸ್ ಚೀಲದ ಲೇಬಲ್ಲಿನ ಫೋಟೋ, ಇಷ್ಟನ್ನು ಊರುವಾರು ಅಂಕಿಯಾಗಿ ಪ್ರಕಟಿಸುವುದಕ್ಕೆ ಒಂದು ಮೊಟ್ಟೆಗೆ 0.2 ಪೈಸೆಯ ಸೆಸ್ ಹಾಕಿದರೂ ಸಾಕು. 10,000 ಕೋಳಿಯ ಶೆಡ್ ಒಂದರಿಂದಲೇ ದಿನಕ್ಕೆ ₹18, ವರ್ಷಕ್ಕೆ ₹6,570 ಬರುತ್ತದೆ.